ಈ ನೋವು ಯಾರ ಖಾತೆಗೆ?

ನಾನು ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಡಾಕ್ಟರಲ್ಲ, ನರ್ಸೂ ಅಲ್ಲ. ಆದರೆ 2009ರಿಂದ ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಈಗಿರುವುದು ನಾಲ್ಕನೆಯದು. ಗೆರೆ ಹೊಡೆದು ಕಾಲಂ ಮಾಡಿದ್ದೇನೆ: ತಾರೀಖು, ನೋವು ಎಲ್ಲಿ, ಜ್ವರ, ಬಿಪಿ, ತೂಕ, ನಿದ್ದೆ, ಮಾತ್ರೆ. ಅದು ನಮ್ಮ ಅಕ್ಕನ ಮೈಯ ಲೆಕ್ಕ. ಅಕ್ಕ ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಹೈಸ್ಕೂಲ್ ಟೀಚರ್. ರಾತ್ರಿ ಊಟ ಆದ ಮೇಲೆ ಫೋನ್ ಮಾಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಈಗ ಇದನ್ನು ಬರೆಯಲು ಅವಳೇ ಒಪ್ಪಿದ್ದಾಳೆ. ‘ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಬರಿ, ಇನ್ನೇನು ಮುಚ್ಚಿಡೋದು’ ಅಂದಳು.

ಅವಳಿಗೆ ಲೂಪಸ್ ಇದೆ, ರೋಗ ತಡೆಯಬೇಕಾದ ಶಕ್ತಿ ಸ್ವಂತ ಮೈಮೇಲೇ ತಿರುಗಿ ಬೀಳುವ ಕಾಯಿಲೆ. ಥೈರಾಯ್ಡ್ ಇದೆ. ರಕ್ತ ಬೇಡದ ಕಡೆ ಹೆಪ್ಪುಗಟ್ಟುವ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಇದೆ. ಫೈಬ್ರೊಮಯಾಲ್ಜಿಯ ಎಂಬ ನೋವಿನ ಕಾಯಿಲೆ ಇದೆ. ಇವುಗಳ ಔಷಧಿ ತಂದುಕೊಟ್ಟ ಸಕ್ಕರೆಯೂ ಕೆಲವು ವರ್ಷ ಇತ್ತು. ಒಂದೊಂದಕ್ಕೂ ಒಬ್ಬೊಬ್ಬ ಡಾಕ್ಟರು, ಒಂದೊಂದು ಫೈಲು. ಮೈ ಮಾತ್ರ ಒಂದೇ. ಬೆಳಿಗ್ಗೆ ಎದ್ದಾಗ ಬೆರಳು ನೋಯುತ್ತಿದ್ದರೆ, ಆ ನೋವು ಇಷ್ಟರಲ್ಲಿ ಯಾರದ್ದು? ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಖರ್ಚನ್ನು ಯಾವ ಖಾತೆಗೆ ಬರೆಯಬೇಕು? ಈ ಹದಿನಾರು ವರ್ಷದಲ್ಲಿ ನಮಗೆ ಜಾಸ್ತಿ ಏಟು ಬಿದ್ದದ್ದು ಕಾಯಿಲೆಗಳಿಂದಲ್ಲ, ತಪ್ಪು ಖಾತೆಗೆ ಬರೆದದ್ದರಿಂದ.

ಗುನ್ಯಾ ಅಂದುಕೊಂಡದ್ದು

2006ರ ಮಳೆಗಾಲ ನಿಮಗೆ ನೆನಪಿರಬಹುದು. ಮೂವತ್ತು ವರ್ಷ ಕಾಣಿಸದೇ ಇದ್ದ ಚಿಕೂನ್‌ಗುನ್ಯಾ ದೇಶಕ್ಕೆ ಮರಳಿ ಬಂದಿತ್ತು. ಕರ್ನಾಟಕದಲ್ಲಿ ಲಕ್ಷಗಟ್ಟಲೆ ಜನ ಮಲಗಿದರು. ಅಕ್ಕನ ಬೀದಿಯಲ್ಲಿ ಜ್ವರ ಬರದ ಮನೆ ಇರಲಿಲ್ಲ. ಜನ ಸೊಂಟ ಬಗ್ಗಿಸಿಕೊಂಡು, ಗೋಡೆ ಹಿಡಿದುಕೊಂಡು ನಡೆಯುತ್ತಿದ್ದರು. ಅಕ್ಕನಿಗೂ ಜ್ವರ ಬಂತು, ಕೀಲು ಹಿಡಿಯಿತು. ಆಗ ಅವಳಿಗೆ 27 ವರ್ಷ.

ಆರು ತಿಂಗಳಲ್ಲಿ ಬೀದಿಯವರೆಲ್ಲ ಒಬ್ಬೊಬ್ಬರಾಗಿ ಸರಿಹೋದರು. ಅಕ್ಕ ಸರಿಹೋಗಲಿಲ್ಲ. ಬೆಳಿಗ್ಗೆ ಸೀಮೆಸುಣ್ಣ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಸಂಜೆ ಮೈ ಬೆಚ್ಚಗಾಗುತ್ತಿತ್ತು. ಬಾಚಣಿಗೆಯಲ್ಲಿ ಕೂದಲು ಗೊಂಚಲಾಗಿ ಬರುತ್ತಿತ್ತು. ಅಂಗುಳಲ್ಲಿ ಹುಣ್ಣು, ಆದರೆ ನೋವಿಲ್ಲ. ಎರಡೂ ಕೆನ್ನೆಯಲ್ಲಿ, ಮೂಗಿನ ಮೇಲೆ ಕಪ್ಪು ಛಾಯೆ. ಯಾರನ್ನು ಕೇಳಿದರೂ ‘ಗುನ್ಯಾ ಅಷ್ಟು ಸುಲಭಕ್ಕೆ ಬಿಡಲ್ಲಮ್ಮ’ ಅನ್ನುತ್ತಿದ್ದರು. ಕೆನ್ನೆಯದ್ದು ಬಂಗು ಅಂದರು, ಕ್ರೀಮು ಕೊಟ್ಟರು.

ಆ ಕೆನ್ನೆಯ ಬಗ್ಗೆ ಒಂದು ಮಾತು. ಲೂಪಸ್ ಎಂದು ಹುಡುಕಿದರೆ ಬರುವ ಚಿತ್ರಗಳಲ್ಲಿ ಬಿಳಿ ಮುಖದ ಮೇಲೆ ಕೆಂಪು ಚಿಟ್ಟೆ ಕೂತಿರುತ್ತದೆ. ನಮ್ಮ ಬಣ್ಣದವರಲ್ಲಿ ಅದು ಕೆಂಪಾಗಿ ಕಾಣಬೇಕೆಂದೇನೂ ಇಲ್ಲ. ಕಪ್ಪಾಗಿ, ಕಂದಾಗಿ, ಥೇಟ್ ಬಂಗಿನ ಹಾಗೇ ಕಾಣಬಹುದು. ಮೂಗಿನ ಪಕ್ಕದಿಂದ ಬಾಯಿಯ ಕಡೆ ಇಳಿಯುವ ಗೆರೆಯನ್ನು ಲೂಪಸ್ ಕಲೆ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಬಿಸಿಲಿಗೆ ಹೋದರೆ ಉರಿಯುತ್ತದೆ. ಅಕ್ಕನಿಗೆ ಎರಡೂ ಹಾಗೇ ಇತ್ತು. ಯಾರೂ ನೋಡಲಿಲ್ಲ. ನಾವೂ ನೋಡಲಿಲ್ಲ.

ಊರಿನ ಕ್ಲಿನಿಕ್ಕಿನಲ್ಲಿ ಒಂದು ಸೂಜಿ ಕೊಡುತ್ತಿದ್ದರು. ಹಾಕಿಸಿಕೊಂಡರೆ ಎರಡು ವಾರ ಅಕ್ಕ ಹುಡುಗಿಯ ಹಾಗೆ ಓಡಾಡುತ್ತಿದ್ದಳು. ಅದು ಸ್ಟಿರಾಯ್ಡ್ ಇದ್ದಿರಬೇಕು ಎಂದು ಆಮೇಲೆ ದೊಡ್ಡ ಡಾಕ್ಟರು ಹೇಳಿದರು. ಕಾಯಿಲೆಯ ಮೇಲೆ ಚಾದರ ಹೊದಿಸಿದ ಹಾಗೆ. ಮೂರು ವರ್ಷ ಹೀಗೇ ಹೋಯಿತು.

ಲೋಟ ಬೇರೆ ಇಟ್ಟ ದಿನ

ಈ ನಡುವೆ ಎರಡು ಬಸಿರು ಹೋಗಿದ್ದವು. 2007ರಲ್ಲಿ ಒಂದು, 2009ರಲ್ಲಿ ಇನ್ನೊಂದು. ಎರಡೂ ಸಲ ಮೂರು ತಿಂಗಳು ದಾಟಿದ ಮೇಲೆ. ಎರಡನೇ ಸಲ ಬಸುರಿಯರಿಗೆ ಮಾಡುವ ಮಾಮೂಲಿ ರಕ್ತಪರೀಕ್ಷೆಯಲ್ಲಿ ವಿಡಿಆರ್‌ಎಲ್ ಪಾಸಿಟಿವ್ ಎಂದು ಬಂತು. ಅದು ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೆ ಮಾಡುವ ಪರೀಕ್ಷೆ. ಲ್ಯಾಬಿನ ಹುಡುಗ ಭಾವನನ್ನು ಹೊರಗೆ ಕರೆದು, ದನಿ ತಗ್ಗಿಸಿ ಹೇಳಿದನಂತೆ. ಊರು ಚಿಕ್ಕದು. ಸಂಜೆಯೊಳಗೆ ಅಕ್ಕನ ಅತ್ತೆ ಅವಳ ಲೋಟ ಬೇರೆ ಇಟ್ಟರು.

ಭಾವ ಒಂದು ಮಾತೂ ಆಡದೆ ತಾವೂ ಪರೀಕ್ಷೆ ಮಾಡಿಸಿಕೊಂಡು ಬಂದರು. ನೆಗೆಟಿವ್. ಅದು ಇನ್ನೂ ಕೆಟ್ಟದಾಯಿತು, ಅಲ್ವಾ? ಹಾಗಾದರೆ ಇವಳಿಗೆ ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಮನೆಯಲ್ಲಿ ತಿರುಗಾಡತೊಡಗಿತು.

ಬಿಡಿಸಿದ್ದು ಹಾಸನದ ಒಬ್ಬ ಹಿರಿಯ ಲೇಡಿ ಡಾಕ್ಟರು. ಅವರು ಟಿಪಿಎಚ್‌ಎ ಎಂಬ ಖಚಿತ ಪರೀಕ್ಷೆ ಮಾಡಿಸಿದರು. ಅದು ನೆಗೆಟಿವ್ ಬಂತು. ಪ್ಲೇಟ್‌ಲೆಟ್ 90,000ಕ್ಕೆ ಇಳಿದಿತ್ತು. ಕೀಲುನೋವು, ಕೂದಲು, ಕೆನ್ನೆ, ಎರಡು ಬಸಿರು, ಎಲ್ಲವನ್ನೂ ಒಂದೇ ಕಾಗದದ ಮೇಲೆ ಬರೆದುಕೊಂಡರು. ಮೂರು ವರ್ಷದಲ್ಲಿ ಹಾಗೆ ಮಾಡಿದವರು ಅವರೊಬ್ಬರೇ. ಆಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು, ಅತ್ತೆಯನ್ನೂ ಕೂರಿಸಿಕೊಂಡು, ವಿವರಿಸಿದರು.

ವಿಡಿಆರ್‌ಎಲ್ ಪರೀಕ್ಷೆ ಸಿಫಿಲಿಸ್ಸಿನ ರೋಗಾಣುವನ್ನು ಹುಡುಕುವುದಿಲ್ಲ. ಕಾರ್ಡಿಯೋಲಿಪಿನ್ ಎಂಬ ಒಂದು ಬಗೆಯ ಕೊಬ್ಬನ್ನು ರಕ್ತದ ಜೊತೆ ಬೆರೆಸಿ, ಅದರ ವಿರುದ್ಧ ಪ್ರತಿಕಾಯ, ಅಂದರೆ ಮೈ ತಯಾರಿಸುವ ರಕ್ಷಣೆಯ ಪ್ರೋಟೀನ್, ಇದೆಯೇ ಎಂದು ನೋಡುತ್ತದೆ, ಅಷ್ಟೇ. ಸಿಫಿಲಿಸ್ ಬಂದವರಲ್ಲಿ ಅಂಥ ಪ್ರತಿಕಾಯ ಇರುತ್ತದೆ. ಲೂಪಸ್ ಇರುವ ಕೆಲವರಲ್ಲೂ ಇರುತ್ತದೆ, ಬೇರೆಯೇ ಕಾರಣಕ್ಕೆ. ಅದೇ ಪ್ರತಿಕಾಯಗಳ ಗುಂಪು ರಕ್ತವನ್ನು ಒಳಗೇ ಹೆಪ್ಪುಗಟ್ಟಿಸುತ್ತದೆ, ಹಾಲಿಗೆ ಯಾರೋ ಹೇಳದೆ ಕೇಳದೆ ಹೆಪ್ಪು ಹಾಕಿದ ಹಾಗೆ. ಮಗುವಿಗೆ ರಕ್ತ ಹೋಗುವ ಮಾಸುಚೀಲವೂ ಅದರಿಂದಲೇ ಕೆಡುತ್ತದೆ. ಅಂದರೆ ಅಕ್ಕನ ತಲೆಗೆ ಕಟ್ಟಿದ ಅಪವಾದವೂ ಹೋದ ಎರಡು ಬಸಿರೂ ಒಂದೇ ಬೇರಿನವು.

ಅತ್ತೆ ಅವತ್ತು ಏನೂ ಹೇಳಲಿಲ್ಲ. ರಾತ್ರಿ ಅದೇ ಲೋಟದಲ್ಲಿ ಅಕ್ಕನಿಗೆ ಹಾಲು ತಂದುಕೊಟ್ಟು, ಉಳಿದದ್ದನ್ನು ತಾವು ಕುಡಿದರು.

ಹಾಸನದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಎಎನ್ಎ, ಅಂದರೆ ಸ್ವಂತ ಜೀವಕೋಶದ ಕೇಂದ್ರದ ವಿರುದ್ಧವೇ ಎದ್ದ ಪ್ರತಿಕಾಯ, ಪಾಸಿಟಿವ್. ಪ್ರಮಾಣ 1:640, ರಕ್ತವನ್ನು ಅಷ್ಟು ಪಟ್ಟು ತೆಳು ಮಾಡಿದರೂ ಕಾಣುತ್ತದೆ ಎಂದು ಅರ್ಥ. ಡಿಎಸ್-ಡಿಎನ್ಎ ಪ್ರತಿಕಾಯ ಪಾಸಿಟಿವ್. ಲೂಪಸ್ ಎದ್ದಾಗ ಖರ್ಚಾಗಿಹೋಗುವ ಸಿ3 ಎಂಬ ರಕ್ತದ ಪ್ರೋಟೀನ್ ಕಡಿಮೆ. ಇಲ್ಲಿ ಎಚ್ಚರ ಬೇಕು. ಎಎನ್ಎ ಪಾಸಿಟಿವ್ ಬಂತೆಂದು ಎಷ್ಟೋ ಜನ ಹೆದರಿ ನನಗೆ ಫೋನ್ ಮಾಡುತ್ತಾರೆ. ಏನೂ ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐದು ಜನಕ್ಕೆ ಅದು 1:160ರಲ್ಲೂ ಪಾಸಿಟಿವ್ ಬರುತ್ತದೆ. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಎಎನ್ಎ ಇರುತ್ತದೆ ಅನ್ನುವುದು ನಿಜ. ತಿರುವಿ ಹೇಳಿದರೆ ಅದು ಸುಳ್ಳಾಗುತ್ತದೆ. ಹೆಪ್ಪಿನ ಪ್ರತಿಕಾಯವನ್ನೂ ಒಂದು ಸಲ ನೋಡಿ ತೀರ್ಮಾನಿಸುವುದಿಲ್ಲ. ಕನಿಷ್ಠ 12 ವಾರ ಬಿಟ್ಟು ಮತ್ತೆ ನೋಡುತ್ತಾರೆ. ಅಕ್ಕನಿಗೆ ಎರಡನೇ ಸಲವೂ ಇತ್ತು.

ಲೂಪಸ್ ಅಂದರೆ ಏನು ಎಂದು ಅಮ್ಮ ಕೇಳಿದರು. ಡಾಕ್ಟರು ಕನ್ನಡದವರೇ. ‘ಬೇಲಿ ಎದ್ದು ಹೊಲ ಮೇಯೋದು ಅಂತಾರಲ್ಲಮ್ಮ, ಅದು’ ಅಂದರು. ರೋಗ ತಡೆಯಬೇಕಾದ ಶಕ್ತಿಯೇ ಕೀಲು, ಚರ್ಮ, ರಕ್ತ, ಕಿಡ್ನಿಯನ್ನು ಮೇಯುವುದು. ಹತ್ತು ರೋಗಿಗಳಲ್ಲಿ ಒಂಬತ್ತು ಜನ ಹೆಂಗಸರು, ಹೆಚ್ಚಾಗಿ ಮಕ್ಕಳಾಗುವ ವಯಸ್ಸಿನವರು. ಅಂಟುರೋಗವಲ್ಲ. ಗುನ್ಯಾ ಇದನ್ನು ಎಬ್ಬಿಸಿತೋ, ಇದೇ ಮೊದಲಿಂದ ಗುನ್ಯಾದ ವೇಷ ಹಾಕಿತ್ತೋ ಎಂದು ಕೇಳಿದೆ. ಈಗ ಹೇಳುವ ಹಾಗಿಲ್ಲ ಅಂದರು.

ಅದೇ ದಿನ, ಥೈರಾಯ್ಡ್ ಮಂದವಾದಾಗ ಏರುವ ಟಿಎಸ್ಎಚ್ 18 ಇರುವುದೂ ಗೊತ್ತಾಯಿತು. ಥೈರಾಯ್ಡ್ ಗ್ರಂಥಿಯನ್ನೂ ಅದೇ ಬೇಲಿ ಮೇಯುತ್ತಿತ್ತು. ಇಂಥ ಕಾಯಿಲೆ ಒಂದು ಬಂದವರಿಗೆ ಇನ್ನೊಂದು ಬರುವುದು ಅಪರೂಪವಲ್ಲ. ಥೈರಾಯ್ಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನುಂಗಬೇಕು, ಆಮೇಲೆ ಅರ್ಧ ಗಂಟೆಯಾದರೂ ಕಾಫಿ ಕುಡಿಯಬಾರದು, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ದೂರ ಇರಬೇಕು. ಎಲ್ಲ ಕಾಯಿಲೆ ಸೇರಿ ತರಿಸಿದ್ದಕ್ಕಿಂತ ಜಾಸ್ತಿ ಸಿಟ್ಟು ಅಕ್ಕನಿಗೆ ಆ ಕಾಫಿಯ ವಿಷಯಕ್ಕೆ ಬಂತು. ಈಗಲೂ ಇದೆ.

ನಾನು ನೋಟ್‌ಬುಕ್ ಶುರುಮಾಡಿದ್ದು ಆ ವಾರ. 2012ರಲ್ಲಿ ಮಗಳು ಹುಟ್ಟಿದಳು. ಕಾಯಿಲೆ ಆರು ತಿಂಗಳು ತಣ್ಣಗಿದ್ದ ಮೇಲೆ ಡಾಕ್ಟರು ಹೂಂ ಅಂದಿದ್ದರು. ಲೂಪಸ್‌ಗೆ ನುಂಗುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಬಸಿರಿನುದ್ದಕ್ಕೂ ನಿಲ್ಲಿಸಲಿಲ್ಲ. ಜೊತೆಗೆ ಹೆಪ್ಪು ತಡೆಯಲು ಸಣ್ಣ ಡೋಸಿನ ಆಸ್ಪಿರಿನ್, ದಿನಾ ಹೊಟ್ಟೆಗೆ ಹೆಪಾರಿನ್ ಸೂಜಿ. ಸೂಜಿ ಹಾಕಲು ಕಲಿತದ್ದು ಅತ್ತೆ.

ತಪ್ಪು ಖಾತೆ

2014ರ ಹೊತ್ತಿಗೆ ಮೈಯೆಲ್ಲ ನೋವು ಶುರುವಾಯಿತು. ಹಿಂದಿನ ಹಾಗೆ ಬೆರಳಿನ ಕೀಲಲ್ಲ. ಕತ್ತು, ಭುಜ, ಬೆನ್ನು, ತೊಡೆ. ಮುಟ್ಟಿದರೆ ನೋವು. ಮಗಳು ಓಡಿಬಂದು ತಬ್ಬಿಕೊಂಡರೆ ಅಕ್ಕ ಹಲ್ಲು ಕಚ್ಚುತ್ತಿದ್ದಳು. ಎಂಟು ಗಂಟೆ ಮಲಗಿ ಎದ್ದರೂ ರಾತ್ರಿಯೆಲ್ಲ ರಾಗಿ ಬೀಸಿದ ಹಾಗೆ ಸುಸ್ತು. ತರಗತಿಯಲ್ಲಿ ಮಕ್ಕಳ ಹೆಸರೇ ಮರೆತುಹೋಗುತ್ತಿತ್ತು.

ಲೂಪಸ್ ಎದ್ದಿದೆ ಅಂದುಕೊಂಡೆವು. ಬೇರೆ ಏನು ಅಂದುಕೊಳ್ಳುವುದು? ಹತ್ತಿರದ ಫಿಜಿಶಿಯನ್ ಕೂಡ ಹಾಗೇ ಅಂದುಕೊಂಡರು. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ 5 ಮಿಲಿಗ್ರಾಂ ಇದ್ದದ್ದು 20 ಆಯಿತು, 30 ಆಯಿತು. ಮೊದಲ ವಾರ ಲವಲವಿಕೆ, ಆಮೇಲೆ ಮತ್ತೆ ನೋವು, ಮತ್ತೆ ಏರಿಸುವುದು. ಒಂದೂವರೆ ವರ್ಷ. ಮುಖ ಗುಂಡಗಾಯಿತು. ತೂಕ 12 ಕಿಲೋ ಏರಿತು. ಸಕ್ಕರೆ ಬಂತು. ನಿದ್ದೆ ಇನ್ನೂ ಕೆಟ್ಟಿತು. ಮದುವೆ ಮನೆಗಳಲ್ಲಿ ನೆಂಟರು ಗಲ್ಲ ಹಿಡಿದು, ‘ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ, ಕಾಯಿಲೆ ವಾಸಿಯಾಯ್ತಾ?’ ಅನ್ನುತ್ತಿದ್ದರು. ಅಕ್ಕ ನಗುತ್ತಿದ್ದಳು. ಕಾರಿನಲ್ಲಿ ಕೂತ ಮೇಲೆ ಅಳುತ್ತಿದ್ದಳು.

2015ರ ಕೊನೆಗೆ ಬೆಂಗಳೂರಿನ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ನೋಟ್‌ಬುಕ್ಕನ್ನು ಮೊದಲ ಸಲ ಪೂರ್ತಿ ಓದಿದರು. ಮೈಯೊಳಗಿನ ಊತದ ಸುಳಿವು ಕೊಡುವ ಇಎಸ್ಆರ್ ಮಾಮೂಲಿ. ಸಿ3, ಸಿ4 ಮಾಮೂಲಿ. ಮೂತ್ರ ಶುದ್ಧ. ಒಂದು ಕೀಲೂ ಊದಿಲ್ಲ. ಅವರು ಭುಜ, ಕತ್ತು, ಮೊಣಕಾಲಿನ ಒಳಬದಿ ಹೆಬ್ಬೆರಳಲ್ಲಿ ಒತ್ತುತ್ತಾ ಹೋದರು. ಅಕ್ಕ ಪ್ರತಿ ಸಲ ಬೆಚ್ಚಿದಳು.

‘ಲೂಪಸ್ ಮಲಗಿದೆ. ಇದು ಲೂಪಸ್ ನೋವಲ್ಲ’ ಅಂದರು.

ಅಕ್ಕನಿಗೆ ಸಿಡಿಲು ಬಡಿದ ಹಾಗಾಯಿತು. ‘ಹಾಗಾದ್ರೆ ನಾನು ಸುಮ್ನೆ ಹೇಳ್ತಿದೀನಾ ಸಾರ್?’ ಎಂದು ಎದ್ದು ನಿಂತಳು. ಮೂರು ವರ್ಷ ‘ಎಲ್ಲ ನಿನ್ನ ಮನಸ್ಸಿನದ್ದು’ ಎಂದು ಕೇಳಿಸಿಕೊಂಡವಳಿಗೆ ಆ ಮಾತು ಬೇರೆ ಹೇಗೆ ಕೇಳಿಸಬೇಕು?

ಅವರು ಕೂರಿಸಿದರು. ನೋವು ನಿಜ, ಆದರೆ ಊತದಿಂದ ಹುಟ್ಟಿದ್ದಲ್ಲ ಅಂದರು. ರೇಡಿಯೋ ಸರಿಯಾಗೇ ಇದೆ, ವಾಲ್ಯೂಮ್ ಗುಂಡಿ ಮಾತ್ರ ಮೇಲೆ ಸಿಕ್ಕಿಹಾಕಿಕೊಂಡಿದೆ. ನರಗಳು ಸಣ್ಣ ಒತ್ತಡವನ್ನೂ ದೊಡ್ಡ ನೋವಾಗಿ ಮೆದುಳಿಗೆ ಹೇಳುತ್ತಿವೆ. ಅದೇ ಫೈಬ್ರೊಮಯಾಲ್ಜಿಯ. ಲೂಪಸ್ ಇರುವವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಸ್ಟಿರಾಯ್ಡ್ ಊತ ಇಳಿಸುತ್ತದೆ. ಇಲ್ಲಿ ಊತವೇ ಇಲ್ಲ, ಇಳಿಸುವುದು ಏನನ್ನು?

ಒಂದೂವರೆ ವರ್ಷ ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಯಿಂದ ತೀರಿಸುತ್ತಿದ್ದೆವು. ಸಾಲ ತೀರಲಿಲ್ಲ, ಈ ಖಾತೆಯೂ ಬರಿದಾಯಿತು.

ಸ್ಟಿರಾಯ್ಡನ್ನು ಒಮ್ಮೆಗೇ ನಿಲ್ಲಿಸುವ ಹಾಗಿಲ್ಲ. ಮೈ ತಾನೇ ತಯಾರಿಸಬೇಕಾದ ಹಾರ್ಮೋನನ್ನು ತಯಾರಿಸುವುದನ್ನೇ ಮರೆತಿರುತ್ತದೆ. ಇಳಿಸಲು ಎಂಟು ತಿಂಗಳು ಹಿಡಿಯಿತು, ಕೊನೆಯಲ್ಲಿ ತಿಂಗಳಿಗೆ ಒಂದು ಮಿಲಿಗ್ರಾಂ. ರಾತ್ರಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟರು, ನಿದ್ದೆ ಆಳವಾಗಲು. ಮತ್ತೆ ನಡಿಗೆ. ಈ ನಡಿಗೆಯ ಮೇಲೆ ಅಕ್ಕನಿಗೆ ನಂಬಿಕೆಯೇ ಇರಲಿಲ್ಲ. ನೋಯುವವಳಿಗೆ ನಡಿ ಅನ್ನುವುದು ಎಂಥ ನ್ಯಾಯ ಅಂತ. ಮೊದಲ ದಿನ ಮನೆಯಿಂದ ಅರಳಿಕಟ್ಟೆಯವರೆಗೆ, ಐದು ನಿಮಿಷ. ವಾರಕ್ಕೆ ಒಂದೊಂದು ನಿಮಿಷ ಜಾಸ್ತಿ. ಚೆನ್ನಾಗಿರುವ ದಿನ ಖುಷಿಗೆ ದುಪ್ಪಟ್ಟು ನಡೆಯಬಾರದು, ನಡೆದರೆ ಮರುದಿನ ಮಲಗುತ್ತೀಯ. ನಡಿಗೆ ಸೂರ್ಯ ಏಳುವ ಮುಂಚೆ, ಯಾಕೆಂದರೆ ಬಿಸಿಲು ಲೂಪಸ್ಸನ್ನು ಕೆರಳಿಸುತ್ತದೆ. ಒಂದು ಕಾಯಿಲೆಯ ಔಷಧಿಗೆ ಇನ್ನೊಂದು ಕಾಯಿಲೆಯ ಒಪ್ಪಿಗೆ ಬೇಕು ಅನ್ನುವುದು ಆಗ ನಮಗೆ ಅರ್ಥವಾಗತೊಡಗಿತು. ಒಂದು ವರ್ಷದಲ್ಲಿ ಅವಳು ಕೆರೆ ಏರಿಯವರೆಗೆ ಹೋಗಿ ಬರುತ್ತಿದ್ದಳು. ಸಕ್ಕರೆಯೂ ಇಳಿಯಿತು. ನೋವು ಪೂರ್ತಿ ಹೋಗಲಿಲ್ಲ.

ನೋವಿಲ್ಲದೆ ಬಂದದ್ದು

2018 ಒಳ್ಳೆಯ ವರ್ಷ. ಹಾಗಂತ ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೆ. ನೋವಿನ ಕಾಲಂನಲ್ಲಿ ಎಷ್ಟೋ ದಿನ ಗೀಟು. ಅಕ್ಕ ಶಾಲೆಯ ಮಕ್ಕಳನ್ನು ಕರೆದುಕೊಂಡು ಬೇಲೂರು, ಹಳೇಬೀಡಿಗೆ ಹೋಗಿಬಂದಳು.

ಆಗಸ್ಟಿನಲ್ಲಿ ತಿಂಗಳ ಲೆಕ್ಕ ಕೂಡಿಸುವಾಗ ಬಿಪಿ ಕಾಲಂ ಕಣ್ಣಿಗೆ ಬಿತ್ತು. 118/76. ಆಮೇಲೆ 128/84. ಆಮೇಲೆ 138/90. ಆ ವಾರ 150/96. ತೂಕ 61 ಇದ್ದದ್ದು 64. ಫೋನ್ ಮಾಡಿ ‘ಚಪ್ಪಲಿ ಬಿಗಿಯಾಗ್ತಿದೆಯಾ?’ ಅಂದೆ. ‘ನಿಂಗೆ ಹೇಗೆ ಗೊತ್ತು? ಹೊಸದು ತಗೊಂಡೆ’ ಅಂದಳು. ಮೂತ್ರದಲ್ಲಿ ನೊರೆ? ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಎರಡು ತಿಂಗಳಿಂದ ಇದೆ. ನೋವೇನಿಲ್ವಲ್ಲ, ಅದಕ್ಕೇ ಹೇಳಲಿಲ್ಲ.’

ನೋವಿದ್ದಾಗ ಲೂಪಸ್ ಇರಲಿಲ್ಲ. ಲೂಪಸ್ ಎದ್ದಾಗ ನೋವಿರಲಿಲ್ಲ.

ಲೂಪಸ್ ಕಿಡ್ನಿಗೆ ಬಂದಾಗ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಸೋರುವುದು ಪ್ರೋಟೀನ್, ಅದರದ್ದೇ ಆ ನೊರೆ. ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ಅನುಪಾತ 0.2ರ ಒಳಗಿರಬೇಕು. ಅವಳದ್ದು 2.8. ಸಿ3 ಕುಸಿದಿತ್ತು. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿ ಮಾಡಬೇಕೆಂದರು. ಇಲ್ಲಿ ಹೆಪ್ಪಿನ ಕಾಯಿಲೆ ಅಡ್ಡ ಬಂತು. ಆಸ್ಪಿರಿನ್ ತಗೊಳ್ಳುತ್ತಿರುವವಳಿಗೆ ಕಿಡ್ನಿಗೆ ಸೂಜಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ. ಆಸ್ಪಿರಿನ್ ನಿಲ್ಲಿಸಿದರೆ ಎಲ್ಲಾದರೂ ಹೆಪ್ಪು ಕಟ್ಟೀತು. ಕಿಡ್ನಿ ಡಾಕ್ಟರು, ಕೀಲಿನ ಡಾಕ್ಟರು ಫೋನಿನಲ್ಲಿ ಮಾತಾಡಿಕೊಂಡು ದಿನ ಗೊತ್ತುಮಾಡಿದರು. ಅವರಿಬ್ಬರೂ ಮಾತಾಡಿದ್ದು ಅದೇ ಮೊದಲು, ನಾನು ನಂಬರ್ ಕೊಟ್ಟು ಗೋಗರೆದ ಮೇಲೆ. ರಿಪೋರ್ಟಿನಲ್ಲಿ ನಾಲ್ಕನೇ ದರ್ಜೆ ಎಂದಿತ್ತು. ಒಟ್ಟು ಆರು ದರ್ಜೆಗಳಲ್ಲಿ ಮೂರು, ನಾಲ್ಕು ಬಂದರೆ ತಡ ಮಾಡುವ ಹಾಗಿಲ್ಲ. ಮೂರು ದಿನ ಡ್ರಿಪ್ಪಿನಲ್ಲಿ ಸ್ಟಿರಾಯ್ಡ್ ಹೋಯಿತು. ಅದೇ ಸ್ಟಿರಾಯ್ಡ್, ಈ ಸಲ ಸರಿಯಾದ ಖಾತೆಗೆ. ಆಮೇಲೆ ಆ ಮೇಯುವ ಬೇಲಿಯನ್ನು ಹತೋಟಿಯಲ್ಲಿಡುವ ಮೈಕೋಫಿನೋಲೇಟ್ ಮಾತ್ರೆ. ಒಂದು ವರ್ಷದಲ್ಲಿ 2.8 ಇದ್ದದ್ದು 0.4ಕ್ಕೆ ಬಂತು.

ಇನ್ನೊಂದು ಬದಲಾವಣೆ ಬೇಕಾಯಿತು. ಮೈಕೈ ನೋವಿಗೆ ಎಂದು ಅಕ್ಕ ಆಗಾಗ ಡೈಕ್ಲೋಫೆನಾಕ್ ನುಂಗುತ್ತಿದ್ದಳು, ಚೀಟಿ ಇಲ್ಲದೆ. ಕಿಡ್ನಿಗೆ ಅದು ಆಗದು. ಬ್ಯಾಗಿನಿಂದ ಆ ಸ್ಟ್ರಿಪ್ ತೆಗೆದು ಹಾಕಿದ್ದು ನಾನೇ.

2020ರ ಮಾರ್ಚ್ ಬೇರೆ ಬಗೆಯ ಪರೀಕ್ಷೆ. ಅಮೆರಿಕದ ಅಧ್ಯಕ್ಷರು ಹೈಡ್ರಾಕ್ಸಿಕ್ಲೋರೋಕ್ವಿನ್ ಕೋವಿಡ್‌ಗೆ ಮದ್ದು ಎಂಬಂತೆ ಮಾತಾಡಿದರು. ಇಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಕೊಡಲು ಹೇಳಿತು. ಜನ ಮೆಡಿಕಲ್ ಶಾಪಿಗೆ ಮುಗಿಬಿದ್ದರು. ಮಾರ್ಚ್ 25ಕ್ಕೆ ರಫ್ತು ನಿಲ್ಲಿಸಿದರು, 26ಕ್ಕೆ ಚೀಟಿ ಇಲ್ಲದೆ ಮಾರಬಾರದೆಂದು ಬಿಗಿ ಮಾಡಿದರು. ಅಷ್ಟರಲ್ಲಿ ಊರಿನ ಅಂಗಡಿಗಳು ಖಾಲಿ. ಹತ್ತು ವರ್ಷದಿಂದ ತಿಂಗಳು ತಿಂಗಳು ಕೊಳ್ಳುತ್ತಿದ್ದವಳಿಗೆ ಒಂದು ಮಾತ್ರೆ ಇಲ್ಲ. ಭಾವ ಪೊಲೀಸರಿಗೆ ಫೈಲು ತೋರಿಸಿ ಹಾಸನದವರೆಗೆ ಸ್ಕೂಟರಿನಲ್ಲಿ ಹೋದರು. ಒಬ್ಬ ಅಂಗಡಿಯವರು ಸ್ಟ್ರಿಪ್ಪನ್ನು ಕತ್ತರಿಸಿ ಐದು ಮಾತ್ರೆ ಕೊಟ್ಟರಂತೆ. ಈ ಔಷಧಿ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ಕೆಲವು ದಿನ ತಪ್ಪಿದರೆ ಹೆದರಬೇಡಿ ಎಂದು ಡಾಕ್ಟರು ಧೈರ್ಯ ಹೇಳಿದರು. ಎರಡು ವಾರ ದಿನ ಬಿಟ್ಟು ದಿನ ನುಂಗಿದಳು. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಅದರಿಂದ ಲಾಭವಿಲ್ಲ ಎಂದು ಜೂನ್‌ನಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಹೇಳಿತು. ಅದೇ ಹೊತ್ತಿನಲ್ಲಿ ಕಂಡವರೆಲ್ಲ ಅಕ್ಕನಿಗೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯ ಕುಡಿ ಎನ್ನುತ್ತಿದ್ದರು. ‘ನಂಗೆ ಇರೋದೇ ಜಾಸ್ತಿ, ಬೇಕಾದ್ರೆ ನೀವೇ ತಗೊಳ್ಳಿ’ ಅನ್ನುತ್ತಿದ್ದಳು.

ಈಗ

ಬೆಳಿಗ್ಗೆ ಎದ್ದ ತಕ್ಷಣ ಅಕ್ಕ ಕೈ ಮುಷ್ಟಿ ಮಾಡಿ ನೋಡುತ್ತಾಳೆ. ಬೆರಳು ಊದಿದ್ದು, ಜಡ ಒಂದು ಗಂಟೆ ದಾಟಿದರೆ ಲೂಪಸ್ ಕಡೆ ಅನುಮಾನ. ಊತವಿಲ್ಲದೆ ಮೈಯೆಲ್ಲ ನೋವು, ಹಿಂದಿನ ರಾತ್ರಿ ನಿದ್ದೆ ಕೆಟ್ಟಿದ್ದರೆ ಫೈಬ್ರೊ. ಚಳಿ, ಮಲಬದ್ಧತೆ, ವಾರಗಟ್ಟಲೆ ಭಾರ ಅನ್ನಿಸಿದರೆ ಟಿಎಸ್ಎಚ್ ನೋಡಿಸುವುದು. ಒಂದೇ ಕಾಲು ಊದಿ ನೋಯತೊಡಗಿದರೆ ನನಗೆ ಫೋನ್ ಬೇಡ, ನೇರ ಆಸ್ಪತ್ರೆ, ಅದು ಹೆಪ್ಪಾಗಿರಬಹುದು. ಜ್ವರ ಬಂದರೆ ಲೂಪಸ್ ಎಂದು ತಾನೇ ತೀರ್ಮಾನಿಸುವಂತಿಲ್ಲ. ಅವಳ ಮಾತ್ರೆಗಳು ಸೋಂಕಿಗೆ ಬಾಗಿಲು ತೆಗೆದಿಟ್ಟಿರುತ್ತವೆ, ಮೊದಲು ಅದನ್ನೇ ಹುಡುಕಬೇಕು. ರಕ್ತದಲ್ಲಿ ಸಿಆರ್‌ಪಿ ಎಂಬ ಪ್ರೋಟೀನ್ ತುಂಬ ಏರಿದ್ದರೆ ಡಾಕ್ಟರು ಸೋಂಕಿನ ಕಡೆಗೇ ನೋಡುತ್ತಾರೆ. ಮತ್ತೆ ಏನೂ ನೋಯದಿದ್ದರೂ ಮೂರು ತಿಂಗಳಿಗೊಮ್ಮೆ ಮೂತ್ರ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರದೆ. ಇದು ಅಕ್ಕನ ಮೈಯ ಲೆಕ್ಕ. ಇನ್ನೊಬ್ಬರ ಮೈಗೆ ಇದೇ ಹೊಂದಬೇಕೆಂದಿಲ್ಲ. ಕೊನೆಯ ಮಾತು ರಕ್ತ, ಮೂತ್ರದ್ದೇ.

ಹೋದ ತಿಂಗಳು ಒಂದು ರಾತ್ರಿ ಎಂದಿನ ಹಾಗೆ ಫೋನ್ ಬಂತು. ಬಲ ಮೊಣಕಾಲು, ಮೆಟ್ಟಿಲು ಇಳಿಯುವಾಗ ಮಾತ್ರ. ಊತ ಇಲ್ಲ, ಜ್ವರ ಇಲ್ಲ, ನಿದ್ದೆ ಚೆನ್ನಾಗಿದೆ, ಬಿಪಿ 120/78. ಸ್ಟಿರಾಯ್ಡ್ ತಿಂದವರಿಗೆ ಸೊಂಟದ ಕೀಲಿನ ಮೂಳೆ ರಕ್ತ ಸಿಗದೆ ಸತ್ತು ಮೊಣಕಾಲಲ್ಲಿ ನೋವು ತೋರಿಸುವುದುಂಟು, ಅದಕ್ಕೇ ನನಗೆ ದಿಗಿಲು. ಎಕ್ಸ್‌ರೇ, ಎಂಆರ್‌ಐ ಎರಡೂ ಆಯಿತು. ಸೊಂಟ ಚೆನ್ನಾಗಿದೆ. ಮೊಣಕಾಲಲ್ಲಿ ಮಾಮೂಲಿ ಸವೆತ, ವಯಸ್ಸಿನದ್ದು ಅಂದರು.

‘ಯಾರ ಖಾತೆಗೆ ಬರೀಲಿ?’ ಎಂದು ಕೇಳಿದೆ.

‘ಹೊಸ ಖಾತೆ ತೆಗಿ’ ಅಂದಳು. ‘ನಲವತ್ತಾರು ವರ್ಷದ್ದು. ಸ್ಟಾಫ್ ರೂಮಲ್ಲಿ ಎಲ್ಲರಿಗೂ ಇದೆ ಕಣೇ ಮೊಣಕಾಲು ನೋವು. ಇವತ್ತು ನಾನೂ ಜೊತೆಗೆ ಕೂತ್ಕೊಂಡು ಹೇಳ್ಕೊಂಡೆ.’